ಮಗನಿಗೆ ಬೈತೀನಿ, ರಾತ್ರಿಯೆಲ್ಲ ನಾನೇ ರೀಲ್ಸ್ ನೋಡ್ತೀನಿ

ಪ್ರಶ್ನೆ: ನನಗೆ 39 ವರ್ಷ. ಊರು ತಿಪಟೂರು. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಗಿನ ರೈಲಿಗೆ ಹೊರಡುತ್ತಾರೆ. ಮನೆಯಲ್ಲಿ ಅತ್ತೆ, ನಾನು, 9ನೇ ಕ್ಲಾಸಿನ ಮಗ. ಕೆಲಸ ಮುಗಿಸಿ 10ಕ್ಕೆ ಮಲಗಿ ಫೋನ್ ಹಿಡಿದರೆ 1 ಗಂಟೆಯಾದರೂ ಕೆಳಗಿಡಲು ಆಗುವುದಿಲ್ಲ. ಎರಡು ಸಲ ಇನ್‌ಸ್ಟಾಗ್ರಾಮ್ ತೆಗೆದುಹಾಕಿದೆ, ಮೂರೇ ದಿನಕ್ಕೆ ಮತ್ತೆ ಹಾಕಿಕೊಂಡೆ. ಮೊನ್ನೆ ಮಗನ ಕೈಯಿಂದ ಫೋನ್ ಕಿತ್ತುಕೊಂಡಾಗ ‘ಮೊದ್ಲು ನೀನು ಬಿಡಮ್ಮ’ ಅಂದ. ಕೆನ್ನೆಗೆ ಹೊಡೆದುಬಿಟ್ಟೆ. ಅವನು ಈಗ ಸರಿಯಾಗಿ ಮಾತಾಡುತ್ತಿಲ್ಲ. ನನಗೇನಾದರೂ ಕಾಯಿಲೆನಾ?

ಉತ್ತರ: ನಿಮ್ಮ ಮೇಲ್ ಬಂದಿರುವುದು ರಾತ್ರಿ 1.40ಕ್ಕೆ. ಅದನ್ನು ನೋಡಿ ಸ್ವಲ್ಪ ನಗು ಬಂತು, ಬೇಜಾರು ಮಾಡ್ಕೋಬೇಡಿ.

ಮೊದಲು ಮಗನ ವಿಷಯ. ಫೋನ್ ಆಮೇಲೆ ನೋಡೋಣ. ಇವತ್ತು ಸಂಜೆ ಅವನು ಟ್ಯೂಷನ್ ಮುಗಿಸಿ ಬಂದು ತಿಂಡಿ ತಿನ್ನುವಾಗ ಪಕ್ಕದಲ್ಲಿ ಕೂತು ಹೇಳಿ: ‘ಹೊಡೆದಿದ್ದು ತಪ್ಪಾಯ್ತು ಕಣೋ. ನೀನು ಹೇಳಿದ್ದು ನಿಜ. ನಂಗೂ ಬಿಡೋಕಾಗ್ತಿಲ್ಲ.’ ಅಷ್ಟೇ. ಅದರ ಹಿಂದೆಯೇ ‘ಆದ್ರೆ ನೀನೂ...’ ಅಂತ ಶುರು ಮಾಡಬೇಡಿ. ಆ ‘ಆದ್ರೆ’ ಬಂದರೆ ಕೇಳಿದ ಕ್ಷಮೆಯೆಲ್ಲ ನೀರಲ್ಲಿ ಹೋಮ.

ಇನ್ನು ಕಾಯಿಲೆಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರ ಜನವರಿಯಿಂದ ಗೇಮಿಂಗ್ ಚಟ ಇದೆ. ರೀಲ್ಸ್ ನೋಡುವುದು ಅದರಲ್ಲಿಲ್ಲ. ಆದರೆ ಗೇಮಿಂಗ್‌ಗೆ ಅವರು ಇಟ್ಟಿರುವ ಅಳತೆ ನಿಮಗೂ ಉಪಯೋಗಕ್ಕೆ ಬರುತ್ತದೆ. ಹಿಡಿತ ತಪ್ಪಿದೆಯಾ? ಉಳಿದ ಕೆಲಸಗಳೆಲ್ಲ ಅದರ ಹಿಂದೆ ಬಿದ್ದಿವೆಯಾ? ತೊಂದರೆ ಆಗ್ತಿದೆ ಅಂತ ಗೊತ್ತಿದ್ದೂ ಮುಂದುವರಿಯುತ್ತಿದೆಯಾ? ನಿಮ್ಮ ಪತ್ರದ ಪ್ರಕಾರ ಮನೆಗೆಲಸ, ಅತ್ತೆಯ ಮಾತ್ರೆ, ಮಗನ ಡಬ್ಬಿ ಯಾವುದೂ ತಪ್ಪಿದ ಹಾಗಿಲ್ಲ. ಹೋಗಿರುವುದು ನಿದ್ದೆ. ಹಾಗಾಗಿ ಕಾಯಿಲೆ ಅಂತ ಹಣೆಪಟ್ಟಿ ಹಚ್ಚಿಕೊಳ್ಳುವ ಅವಸರ ಬೇಡ.

ಬಿಡಲು ಆಗದಿರುವುದಕ್ಕೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಅರ್ಥ ಅಲ್ಲ. ಚುರುಮುರಿ ಪೊಟ್ಟಣದಲ್ಲಿ ಕಡಲೆಬೀಜ ಹುಡುಕುತ್ತೇವಲ್ಲ, ಇದೂ ಹಾಗೆಯೇ. ಬರೀ ಕಡಲೆಬೀಜವೇ ಇದ್ದಿದ್ದರೆ ಒಂದು ಹಿಡಿ ತಿಂದು ಸಾಕು ಅನ್ನುತ್ತಿದ್ದೆವು. ಒಂದು ಸಿಕ್ಕಿ, ನಾಲ್ಕು ಬಾಯಿ ಸಿಗದೆ, ಮತ್ತೊಂದು ಸಿಕ್ಕಾಗ ಕೈ ನಿಲ್ಲುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಇದನ್ನೇ ತೋರಿಸಿದರು. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲದಿದ್ದರೆ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಇದರ ಜೊತೆಗೆ ರೀಲ್ಸ್‌ಗೆ ಕೊನೆ ಅನ್ನುವುದೇ ಇಲ್ಲ. ಧಾರಾವಾಹಿಯಾದರೆ ‘ಮುಂದುವರಿಯುವುದು’ ಅಂತ ಬಂದು ನಮ್ಮನ್ನು ಎಬ್ಬಿಸುತ್ತಿತ್ತು. ಕೊನೆಯೇ ಬರದ ಹಾಗೆ ಕೆಳಗೆ ಉರುಳುತ್ತಾ ಹೋಗುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ಎಂಜಿನಿಯರ್ ಆಮೇಲೆ ತಾವೇ ಅದಕ್ಕೆ ಪಶ್ಚಾತ್ತಾಪಪಟ್ಟರು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೆಲಸ ಮುಗಿಸಿ 10ಕ್ಕೆ’ ಅನ್ನುವ ಮಾತು. ಬೆಳಗ್ಗೆ ಎದ್ದಾಗಿನಿಂದ 10ರವರೆಗೆ ಒಂದು ನಿಮಿಷವಾದರೂ ನಿಮ್ಮದು ಅಂತ ಇದೆಯಾ? ಇಡೀ ದಿನದಲ್ಲಿ ಯಾರೂ ‘ಅಮ್ಮಾ’, ‘ಏನಮ್ಮಾ’ ಅಂತ ಕೂಗದ ಸಮಯ ಅದೊಂದೇ. ಅದು ಮುಗಿದುಹೋಗಬಾರದು ಅಂತ ನಿದ್ದೆಯನ್ನು ಕೊಟ್ಟು ಸಮಯ ಕೊಳ್ಳುತ್ತಿದ್ದೀರಿ. ಇನ್‌ಸ್ಟಾಗ್ರಾಮ್ ತೆಗೆದು ಮೂರು ದಿನಕ್ಕೆ ವಾಪಸ್ ಹಾಕಿದ್ದೂ ಇದಕ್ಕೇ. ಆಪ್ ಹೋಯ್ತು, ಬಿಡುವಿನ ಹಸಿವು ಹಾಗೇ ಉಳಿಯಿತು.

ಹಾಗಾಗಿ ನಿಮ್ಮ ಸಮಯವನ್ನು 10ಕ್ಕಿಂತ ಮೊದಲೇ ತೆಗೆದುಕೊಳ್ಳಿ. ರಾತ್ರಿ ಊಟ 8.30ಕ್ಕೆ ಮುಗಿಯುತ್ತದೆ ಅಂದುಕೊಳ್ಳೋಣ. 14 ವರ್ಷದ ಹುಡುಗನಿಗೆ ನಾಲ್ಕು ತಟ್ಟೆ, ಒಂದು ಸಾರಿನ ಪಾತ್ರೆ ತೊಳೆಯಲು ಬರುತ್ತದೆ. ಅತ್ತೆ ಹುಬ್ಬೇರಿಸಬಹುದು, ಏರಿಸಲಿ. 9ರಿಂದ 9.45 ನಿಮ್ಮದು. ಬೇಕಿದ್ದರೆ ರೀಲ್ಸ್ ನೋಡಿ, ನಾನು ಬೇಡ ಅನ್ನಲ್ಲ. ಆದರೆ ಹಾಲಿನಲ್ಲಿ, ಕುರ್ಚಿಯ ಮೇಲೆ, ದೀಪ ಹಾಕಿಕೊಂಡು. ಕುರ್ಚಿಯಲ್ಲಾದರೆ ಬೆನ್ನು ನೋಯುತ್ತದೆ, ಕುತ್ತಿಗೆ ಹಿಡಿಯುತ್ತದೆ, ಏಳಲೇಬೇಕಾಗುತ್ತದೆ. ಹಾಸಿಗೆ ಹಾಗೆ ಎಬ್ಬಿಸುವುದಿಲ್ಲ, ಅಲ್ವಾ?

ಆಮೇಲೆ ಚಾರ್ಜರ್ ಹಾಲಿನಲ್ಲೇ ಇರಲಿ. ಫೋನ್ ಅಲ್ಲೇ ಮಲಗಲಿ. ‘ಅಲಾರಂ ಬೇಕಲ್ಲ’ ಅನ್ನುತ್ತೀರಿ, ಗೊತ್ತು. ನಾನೂ ವರ್ಷಗಟ್ಟಲೆ ಅದೇ ನೆಪದಲ್ಲಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಕೊನೆಗೆ ವಾಚ್ ರಿಪೇರಿ ಅಂಗಡಿಯಿಂದ ಒಂದು ಅಲಾರಂ ಗಡಿಯಾರ ತಂದೆ. ಮೊದಲ ರಾತ್ರಿ ಅದರ ಟಿಕ್ ಟಿಕ್‌ಗೇ ನಿದ್ದೆ ಬರಲಿಲ್ಲ, ಆ ಮಾತು ಬೇರೆ.

ಮೊದಲ ನಾಲ್ಕೈದು ದಿನ ಕೈ ಕಡಿಯುತ್ತದೆ. ಕುಕ್ಕರ್ ಎರಡನೇ ಸೀಟಿ ಹೊಡೆಯುವಷ್ಟರಲ್ಲಿ ಬೆರಳು ತನ್ನಷ್ಟಕ್ಕೆ ಫೋನ್ ಹುಡುಕುತ್ತದೆ. ಮೂರನೇ ದಿನ ಕಷ್ಟ ಅಂತ ನಿಮಗೆ ಆಗಲೇ ಗೊತ್ತಿದೆ. ಆವತ್ತು ಜಾರಿದರೆ ನಾಲ್ಕನೇ ದಿನ ಮತ್ತೆ ಶುರು ಮಾಡಿ, ಎಲ್ಲ ಹಾಳಾಯ್ತು ಅಂತ ಕೈಚೆಲ್ಲಬೇಡಿ.

ಮಗನಿಗೂ ಇದೇ ನಿಯಮ, ಆದರೆ ನೀವು ಒಂದು ವಾರ ಪಾಲಿಸಿದ ಮೇಲೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಹಳ್ಳಿಯಲ್ಲಿ 2022ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್, ಆಮೇಲೆ ಒಂದೂವರೆ ಗಂಟೆ ಊರಲ್ಲಿ ಟಿವಿ, ಮೊಬೈಲ್ ಬಂದ್. ನನಗೆ ಅದರಲ್ಲಿ ಇಷ್ಟವಾಗಿದ್ದು, ನಿಯಮ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಇತ್ತು ಅನ್ನುವುದು.

ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಅಥವಾ ಫೋನ್ ಇಲ್ಲದಾಗ ಸುಮ್ನೆ ಅಳು ಬರುವುದು, ಏನೂ ಬೇಡ ಅನ್ನಿಸುವುದು ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್ ಬಿಡಲಾಗದ ಇಂಥ ತೊಂದರೆಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಶುರುವಾಗಿದೆ.

ಅಂದಹಾಗೆ, ಶನಿವಾರ ಯಜಮಾನರು ಬಂದಾಗ ಅವರ ಚಾರ್ಜರ್ ಕೂಡ ಹಾಲಿಗೇ ಬರಬೇಕು. ಮಗ ಅದನ್ನೇ ನೋಡುತ್ತಾ ಕೂತಿರುತ್ತಾನೆ.