ಪ್ರತಿಕ್ರಿಯೆ: ಮಳೆ ಸುರಿಯುವ ರಾತ್ರಿ ಹಕ್ಕಿಗಳು ಎಲ್ಲಿರುತ್ತವೆ?

ಜೋರು ಮಳೆಯ ರಾತ್ರಿ ಹಕ್ಕಿಗಳು ಗೂಡಿನಲ್ಲಿ ಮಲಗುತ್ತವೆಯೇ, ಒಂದು ಗೂಡುಪೆಟ್ಟಿಗೆ ಕಟ್ಟಿದರೆ ಅವುಗಳಿಗೆ ಉಪಯೋಗವೇ ಎಂದು ಕೇಳಿದ್ದೀರಿ.

ಹೆಚ್ಚಿನವು ಗೂಡಿನಲ್ಲಿ ಮಲಗುವುದಿಲ್ಲ. ಗೂಡು ಇರುವುದು ಮೊಟ್ಟೆ, ಮರಿಗಳಿಗೆ. ಮರಿ ಹಾರಿದ ಮೇಲೆ ಬಹಳಷ್ಟು ಹಕ್ಕಿಗಳು ಅತ್ತ ತಿರುಗಿಯೂ ನೋಡುವುದಿಲ್ಲ.

ಸಣ್ಣ ಹಕ್ಕಿಗಳು ದಟ್ಟ ಎಲೆಯ ಮರ, ಪೊದೆ, ಬಳ್ಳಿಗಳ ಒಳಗೆ ಸೇರಿಕೊಳ್ಳುತ್ತವೆ. ಗಾಳಿಗೆ ಮರೆಯಾದ ಕಡೆ, ಕಾಂಡದ ಹತ್ತಿರದ ಕೊಂಬೆಯೇ ಒಳ್ಳೆಯ ಜಾಗ. ಅಲ್ಲಿ ಅಲುಗಾಟ ಕಡಿಮೆ, ಅಲ್ವಾ? ಮರಕುಟಿಗದಂಥವು ಪೊಟರೆಗೆ ಹೋಗುತ್ತವೆ. ಬಾತುಗಳಂತೂ ನೀರಿನ ಮೇಲೇ ನಿದ್ದೆ ಮಾಡುತ್ತವೆ. ಚಳಿ ಜಾಸ್ತಿಯಾದಾಗ ಒಂದಕ್ಕೊಂದು ಒತ್ತಿಕೊಂಡು ಕೂರುವ ಹಕ್ಕಿಗಳೂ ಇವೆ. 1969ರಲ್ಲಿ ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಒಂದೇ ಗೂಡುಪೆಟ್ಟಿಗೆಯಲ್ಲಿ 61 ರೆನ್ ಎಂಬ ಪುಟ್ಟ ಹಕ್ಕಿಗಳು ಇದ್ದದ್ದು ದಾಖಲಾಗಿದೆ. ಅಷ್ಟೂ ಹೇಗೆ ಹಿಡಿಸಿದವೋ!

ಒದ್ದೆಯಾಗುವ ವಿಷಯಕ್ಕೆ ಬಂದರೆ, ಗರಿಗಳ ಹೊರಪದರ ನೀರನ್ನು ಜಾರಿಸಿಬಿಡುತ್ತದೆ. ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಕೊಕ್ಕಿನಿಂದ ಸವರಿ ಗರಿಗಳನ್ನು ಚೆನ್ನಾಗಿ ಇಟ್ಟುಕೊಳ್ಳುತ್ತವೆ. ಒಳಗಿನ ತುಪ್ಪಳದಲ್ಲಿ ನಿಂತ ಗಾಳಿ ಮೈಯ ಬಿಸಿಯನ್ನು ಕಾಯುತ್ತದೆ. ನನ್ನ ಪ್ರಕಾರ ಒಂದು ರಾತ್ರಿಯ ಮಳೆಗಿಂತ ದಿನಗಟ್ಟಲೆ ಬಿಡದ ಮಳೆಯೇ ದೊಡ್ಡ ಕಷ್ಟ. ಹುಳು ಹಾರುವುದಿಲ್ಲ, ಹೊಟ್ಟೆಗೆ ಸಿಗುವುದಿಲ್ಲ. ಹೊಟ್ಟೆ ಖಾಲಿಯಿದ್ದರೆ ಮೈ ಬಿಸಿ ಉಳಿಯುವುದೂ ಕಷ್ಟ.

ಪೆಟ್ಟಿಗೆ ಕಟ್ಟಿ, ತಪ್ಪಿಲ್ಲ. ಆದರೆ ಪೊಟರೆ ಹುಡುಕುವ ಹಕ್ಕಿಗಳಷ್ಟೇ ಅದಕ್ಕೆ ಬರುತ್ತವೆ. ಉಳಿದವಕ್ಕೆ ಕತ್ತರಿಸದೆ ಬಿಟ್ಟ ದಟ್ಟ ಪೊದೆಯೇ ಹೆಚ್ಚು ಉಪಯೋಗ.