ಹಳೇ ನೂರ್‌ಬರ್ಗ್‌ರಿಂಗ್‌ಗೆ ಫಾರ್ಮುಲಾ ವನ್ ಮತ್ತೆ ಬರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಈಗಿನ ಫಾರ್ಮುಲಾ ವನ್ ಕಾರುಗಳಲ್ಲಿ ತಲೆ ಕಾಯುವ ಹೇಲೋ ಇದೆ, ಕಾರ್ಬನ್ ಫೈಬರ್ ಗೂಡು ಇದೆ, ಬೆಂಕಿ ತಡೆಯುವ ಬಟ್ಟೆ ಇದೆ. ಹಾಗಿದ್ದ ಮೇಲೆ 1976ರಲ್ಲಿ ಬಿಟ್ಟುಹೋದ ಜರ್ಮನಿಯ ನಾರ್ಡ್‌ಶ್ಲೈಫೆಯಲ್ಲಿ, ಅಂದರೆ ಹಳೇ ನೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ, ಮತ್ತೆ ರೇಸ್ ನಡೆಸೋಕೆ ಏನಡ್ಡಿ?

ಪ್ರದರ್ಶನಕ್ಕೆ ಒಂದೆರಡು ಸುತ್ತು ಓಡಿಸಬಹುದು, ಓಡಿಸಿಯೂ ಆಗಿದೆ. ರೇಸ್ ಮಾತ್ರ ಆಗದ ಮಾತು. ನೀವು ಹೇಳಿದ ಹಾಗೆ ಕಾರು ತುಂಬಾ ಸುಧಾರಿಸಿದೆ, ಅದನ್ನು ಒಪ್ಪುತ್ತೇನೆ. ತೊಡಕು ಇರುವುದು ಕಾರು ಗುದ್ದಿದ ನಂತರದ ಮೊದಲ ಎರಡು ನಿಮಿಷದಲ್ಲಿ.

ಮೊದಲು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ನಾನು ಕೊಲೋನ್ ಕಡೆ ಕೆಲಸದಲ್ಲಿರುವುದರಿಂದ ವಾರಾಂತ್ಯದಲ್ಲಿ ಆಗಾಗ ಅಲ್ಲಿಗೆ ಹೋಗುವುದುಂಟು. ಐಫೆಲ್ ಬೆಟ್ಟಗಳಲ್ಲಿ, ನೂರ್‌ಬರ್ಗ್ ಅನ್ನುವ ಹಳೇ ಕೋಟೆಯ ಸುತ್ತ 1927ರಲ್ಲಿ ಶುರುವಾದ ಟ್ರ್ಯಾಕ್ ಇದು. ಈಗಿನ ಉದ್ದ 20.8 ಕಿಲೋಮೀಟರ್. ಮೇಲಿನ ತುದಿಗೂ ಕೆಳಗಿನ ತುದಿಗೂ ಎತ್ತರದಲ್ಲಿ ಸುಮಾರು 300 ಮೀಟರ್ ವ್ಯತ್ಯಾಸ. ಚಾರ್ಮಾಡಿ ಘಾಟಿಯನ್ನು ಒನ್ ವೇ ಮಾಡಿ, ಎರಡೂ ಕಡೆ ಕಬ್ಬಿಣದ ತಡೆಗೋಡೆ ಬಡಿದು, ಈಗ ರೇಸ್ ಮಾಡಿ ಅಂದರೆ ಹೇಗಿರುತ್ತೋ ಹಾಗಿದೆ. ಟಿವಿಯಲ್ಲಿ ಕಾಣದ ಒಂದು ವಿಷಯ ಏನಂದರೆ, ಆ ತಡೆಗೋಡೆ ರಸ್ತೆಗೆ ಅಷ್ಟು ಹತ್ತಿರ ಇದೆ. ಬ್ರುನ್‌ಶೆನ್ ಅನ್ನುವ ತಿರುವಿನ ಹತ್ತಿರ ಬೇಲಿ ಪಕ್ಕ ನಿಂತು ನೋಡಿದರೆ ಗೊತ್ತಾಗುತ್ತದೆ. ಟಾರು ಮುಗಿದ ಮೇಲೆ ಒಂದು ಪಟ್ಟಿ ಹುಲ್ಲು, ಅದರಾಚೆ ಕಬ್ಬಿಣ, ಅದರಾಚೆ ಮರ. ತಡೆಗೋಡೆಯ ಹಳೇ ತುಂಡುಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ. ನಡುವೆ ಎಲ್ಲೋ ಒಂದು ತುಂಡು ಫಳಫಳ ಹೊಳೆಯುತ್ತಿದ್ದರೆ ಇತ್ತೀಚೆಗೆ ಯಾರೋ ಅಲ್ಲಿ ಗುದ್ದಿದ್ದಾರೆ ಅಂತ ಲೆಕ್ಕ. ಟಾರಿನ ಮೇಲೆ ಅಭಿಮಾನಿಗಳು ಬಣ್ಣದಲ್ಲಿ ಬರೆದ ಹೆಸರುಗಳಂತೂ ಎಲ್ಲೆಲ್ಲೂ ಇವೆ.

ಇದನ್ನು "ಹಸಿರು ನರಕ" ಅಂತ ಕರೆದವರು ರೇಸ್ ಡ್ರೈವರ್ ಜಾಕಿ ಸ್ಟೀವರ್ಟ್. 1968ರಲ್ಲಿ ಮಳೆ, ಮಂಜು, ಮುರಿದ ಮಣಿಕಟ್ಟು ಎಲ್ಲ ಇಟ್ಟುಕೊಂಡು ಇಲ್ಲಿ ನಾಲ್ಕು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದ ಮನುಷ್ಯ ಅವರು. ಹಾಗಾಗಿ ಹೆದರಿಕೊಂಡು ಕೊಟ್ಟ ಹೆಸರು ಅಂತ ಯಾರೂ ಅನ್ನುವ ಹಾಗಿಲ್ಲ. 1970ರಲ್ಲಿ ಡ್ರೈವರ್‌ಗಳೆಲ್ಲ ಸೇರಿ ಇಲ್ಲಿ ಓಡಿಸಲ್ಲ ಅಂದಾಗ ರೇಸ್ ಹಾಕನ್‌ಹೈಮ್‌ಗೆ ಹೋಯಿತು. ಉಬ್ಬುತಗ್ಗು ಸರಿಮಾಡಿ, ತಡೆಗೋಡೆ ಹಾಕಿ, 1971ರಲ್ಲಿ ವಾಪಸ್ ಬಂತು.

ಆಮೇಲೆ 1976ರ ಆಗಸ್ಟ್ 1. ಎರಡನೇ ಸುತ್ತಿನಲ್ಲಿ, ಬರ್ಗ್‌ವರ್ಕ್ ತಿರುವಿಗೆ ಸ್ವಲ್ಪ ಮೊದಲು ನಿಕಿ ಲೌಡಾ ಅವರ ಫೆರಾರಿ ಪಕ್ಕದ ದಿಬ್ಬಕ್ಕೆ ಬಡಿದು, ಬೆಂಕಿ ಹತ್ತಿಕೊಂಡು ರಸ್ತೆ ನಡುವೆ ಬಂದು ನಿಂತಿತು. ಅವರನ್ನು ಹೊರಗೆ ಎಳೆದವರು ಯಾರು? ಹಿಂದೆ ಬರುತ್ತಿದ್ದ ಬೇರೆ ಡ್ರೈವರ್‌ಗಳು: ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಬೆಂಕಿಗೆ ನುಗ್ಗಬಲ್ಲ ತಂಡ ಆ ಜಾಗದಲ್ಲಿ ಇರಲೇ ಇಲ್ಲ. ಆ ರೇಸ್‌ಗೆ ಮೊದಲು ಬಹಿಷ್ಕಾರ ಹಾಕೋಣ ಅಂತ ಲೌಡಾ ಅವರೇ ಡ್ರೈವರ್‌ಗಳ ಸಭೆಯಲ್ಲಿ ಕೇಳಿದ್ದರು. ಒಂದು ಓಟಿನಲ್ಲಿ ಅದು ಬಿದ್ದುಹೋಗಿತ್ತು.

ತುಂಬಾ ಜನ ಲೌಡಾ ಅಪಘಾತದಿಂದಲೇ ಟ್ರ್ಯಾಕ್ ಮುಚ್ಚಿತು ಅಂದುಕೊಂಡಿದ್ದಾರೆ. ಆದರೆ ಹಳೇ ಟ್ರ್ಯಾಕಿನಲ್ಲಿ ಇದೇ ಕೊನೆ ರೇಸ್ ಅನ್ನುವುದು ಅದಕ್ಕೂ ಮೊದಲೇ ತೀರ್ಮಾನ ಆಗಿತ್ತು. ಇಷ್ಟು ಉದ್ದದ ಟ್ರ್ಯಾಕಿಗೆ ಸಾಕಾಗುವಷ್ಟು ಮಾರ್ಷಲ್‌ಗಳನ್ನು (ಟ್ರ್ಯಾಕ್ ಪಕ್ಕ ನಿಂತು ಕಾಯುವವರನ್ನು), ಬೆಂಕಿ ಆರಿಸುವವರನ್ನು, ಕ್ಯಾಮೆರಾಗಳನ್ನು ನಿಲ್ಲಿಸೋದು ಆಗಲೇ ಕೈಮೀರಿತ್ತು.

ಈಗ 2020ರ ಬಹ್ರೇನ್ ರೇಸ್ ನೆನಪಿಸಿಕೊಳ್ಳಿ. ರೊಮಾನ್ ಗ್ರೋಜಾನ್ ತಡೆಗೋಡೆಗೆ ಗುದ್ದಿ, ಕಾರು ಎರಡು ಹೋಳಾಗಿ, 67 ಜಿ, ಅಂದರೆ ಗುರುತ್ವದ 67 ಪಟ್ಟು ಹೊಡೆತ ತಿಂದು, ಬೆಂಕಿಯೊಳಗಿಂದ ಎದ್ದು ಬಂದರು. ಎಲ್ಲರೂ ಹೇಲೋ ಕಾಪಾಡಿತು ಅಂದರು. ನಿಜವೇ. ಆದರೆ ಅದು ಮೊದಲ ಸುತ್ತು. ಮೊದಲ ಸುತ್ತಿನಲ್ಲಿ ಮೆಡಿಕಲ್ ಕಾರು ರೇಸಿನ ಬಾಲ ಹಿಡಿದುಕೊಂಡೇ ಬರುತ್ತದೆ. ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಡಾಕ್ಟರ್ ಪಕ್ಕದಲ್ಲಿದ್ದರು. ಇದೇ ಘಟನೆ ನಾರ್ಡ್‌ಶ್ಲೈಫೆಯಲ್ಲಿ ಹತ್ತನೇ ಸುತ್ತಿನಲ್ಲಿ ಆದರೆ? ಒಂದು ಮೆಡಿಕಲ್ ಕಾರು ಸಾಕಾಗಲ್ಲ, ಕಾಡಿನುದ್ದಕ್ಕೂ ಹಲವು ಕಡೆ ನಿಲ್ಲಿಸಬೇಕು. ಪ್ರತಿ ಕಡೆಯೂ ಪಳಗಿದ ಡಾಕ್ಟರ್, ಕಾರು ಕತ್ತರಿಸುವ ತಂಡ, ಬೆಂಕಿಯವರು ಬೇಕು. ಐದು ಕಿಲೋಮೀಟರ್ ಟ್ರ್ಯಾಕಿಗೆ ಇರುವ ವ್ಯವಸ್ಥೆಯನ್ನು ನಾಲ್ಕು ಪಟ್ಟು ಮಾಡಿದರೂ ಬೆಟ್ಟದ ಇಳಿಜಾರು, ಒಂದೇ ದಾರಿ, ದಟ್ಟ ಮರ ಇವೆಲ್ಲ ಹಾಗೇ ಉಳಿಯುತ್ತವೆ.

ಹೆಲಿಕಾಪ್ಟರ್ ಇದೆಯಲ್ಲ ಅಂತೀರಾ? ಅದಕ್ಕೂ ಇಲ್ಲೇ ಉದಾಹರಣೆ ಇದೆ. ಅದೇ 2020ರ ಅಕ್ಟೋಬರ್‌ನಲ್ಲಿ, ಪಕ್ಕದ ಹೊಸ ಗ್ರಾಂಪ್ರಿ ಟ್ರ್ಯಾಕಿನಲ್ಲಿ ಐಫೆಲ್ ಗ್ರಾಂಪ್ರಿ ನಡೆಯಿತು. ಶುಕ್ರವಾರದ ಎರಡೂ ಪ್ರಾಕ್ಟೀಸ್ ರದ್ದಾದವು. ಮಳೆ ಜೋರಾಗಿತ್ತು ಅಂತಲ್ಲ. ಮಂಜು ಮುಸುಕಿ ಮೆಡಿಕಲ್ ಹೆಲಿಕಾಪ್ಟರ್ ಹಾರುವಂತಿರಲಿಲ್ಲ, ಅಷ್ಟೇ. ಗಾಯಾಳುವನ್ನು ಬೇಗ ಆಸ್ಪತ್ರೆಗೆ ತಲುಪಿಸುವ ದಾರಿ ಇಲ್ಲ ಅಂದರೆ ಕಾರು ಗ್ಯಾರೇಜಿನಿಂದ ಹೊರಗೆ ಬರುವ ಹಾಗಿಲ್ಲ. ಐದು ಕಿಲೋಮೀಟರ್ ಟ್ರ್ಯಾಕಿಗೇ ಈ ಗತಿ. ನಾರ್ಡ್‌ಶ್ಲೈಫೆಯಲ್ಲಿ ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ಮಳೆ ಇರೋದು ಮಾಮೂಲಿ. ಇದೇ ಟ್ರ್ಯಾಕಿನ 2016ರ 24 ಗಂಟೆ ರೇಸಿನಲ್ಲಿ ಆಲಿಕಲ್ಲು ಬಿದ್ದು ಕಾರುಗಳು ಒಂದರ ಹಿಂದೆ ಒಂದು ಜಾರಿ, ರೇಸನ್ನೇ ನಿಲ್ಲಿಸಬೇಕಾಯಿತು. ಅದು ಮೇ ತಿಂಗಳು!

24 ಗಂಟೆ ರೇಸ್ ಅಂದ ಕೂಡಲೇ ನೀವು ಕೇಳಬಹುದು: ಅದರಲ್ಲಿ ನೂರಕ್ಕೂ ಹೆಚ್ಚು ಕಾರು ಹಗಲೂ ರಾತ್ರಿ ಓಡುತ್ತವಲ್ಲ, ಇಪ್ಪತ್ತು ಚಿಲ್ಲರೆ ಫಾರ್ಮುಲಾ ವನ್ ಕಾರು ಯಾಕಾಗಬಾರದು? ಒಳ್ಳೇ ಪಟ್ಟು ಇದು, ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಅಲ್ಲಿ ಓಡುವುದು ಜಿಟಿ3 ತರಹದ ಕಾರುಗಳು. ಮೇಲ್ಛಾವಣಿ ಇದೆ, ಚಕ್ರಗಳು ಬಾಡಿ ಒಳಗಿವೆ. ಎರಡು ಕಾರು ಪಕ್ಕದಲ್ಲಿ ಉಜ್ಜಿದರೆ ಬಣ್ಣ ಹೋಗುತ್ತದೆ. ತೆರೆದ ಚಕ್ರದ ಕಾರಿನಲ್ಲಿ ಹಿಂದಿನವನ ಚಕ್ರ ಮುಂದಿನವನ ಚಕ್ರ ಹತ್ತಿದರೆ ಕಾರೇ ಗಾಳಿಗೆ ಏಳುತ್ತದೆ. ಆಚೆ ಮೂರು ಮಾರು ದೂರದಲ್ಲಿ ಜನ ಇರುತ್ತಾರೆ. ವೇಗದ ಲೆಕ್ಕವೂ ಇದೆ. ಹಿಡಿತ ತಪ್ಪಿ ಜಾರುವ ಕಾರಿಗೆ ನಿಲ್ಲಲು ಬೇಕಾದ ಜಾಗ ವೇಗದ ವರ್ಗದಷ್ಟು ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟು. ತಿರುವಿನಲ್ಲಿ ಜಿಟಿ3ಗಿಂತ ಎಷ್ಟೋ ಜೋರಾಗಿ ಹೋಗುವ ಕಾರಿಗೆ ಆ ಒಂದು ಪಟ್ಟಿ ಹುಲ್ಲು ಲೆಕ್ಕಕ್ಕೇ ಇಲ್ಲ.

ಜಿಟಿ3ಗೂ ಅಲ್ಲಿ ಪೂರ್ತಿ ಕ್ಷೇಮ ಅಂತೇನಿಲ್ಲ. 2015ರ ಮಾರ್ಚ್‌ನಲ್ಲಿ ಫ್ಲುಗ್‌ಪ್ಲಾಟ್ಸ್ ಅನ್ನುವ ಏರಿನಲ್ಲಿ ಒಂದು ಕಾರಿನ ಮೂತಿ ಮೇಲೆದ್ದು, ಬೇಲಿ ದಾಟಿ ಬಿದ್ದು, ಒಬ್ಬ ಪ್ರೇಕ್ಷಕ ತೀರಿಕೊಂಡರು. ಆಮೇಲೆ ಕೆಲವು ಕಡೆ ವೇಗಕ್ಕೆ ಮಿತಿ ಹಾಕಿದರು, ಮುಂದಿನ ವರ್ಷ ಆ ಏರನ್ನೇ ಸಮ ಮಾಡಿ ಬೇಲಿ ಹೆಚ್ಚಿಸಿದರು. ಅಲ್ಲಿ ರೇಸ್ ಮಾಡೋಕೆ ಬೇರೆಯೇ ಪರ್ಮಿಟ್ ಬೇಕು. 2025ರಲ್ಲಿ ನಾಲ್ಕು ಬಾರಿಯ ವಿಶ್ವ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪೆನ್ ಬಂದಾಗಲೂ ಸೀದಾ ದೊಡ್ಡ ಕಾರು ಕೊಡಲಿಲ್ಲ. ಮೊದಲು ಶಕ್ತಿ ಇಳಿಸಿದ ಪೋರ್ಷೆ ಕೇಮನ್ ಓಡಿಸಿ ಪರ್ಮಿಟ್ ತಗೊಂಡರು, ಆಮೇಲೆ ಫೆರಾರಿ ಜಿಟಿ3ಯಲ್ಲಿ ಬಂದು ಗೆದ್ದೂ ಬಿಟ್ಟರು. ನನಗಂತೂ ಇದು ತುಂಬಾ ಹಿಡಿಸಿತು.

ಇನ್ನು ಕಾರು ಓಡುತ್ತದಾ ಅನ್ನುವ ವಿಷಯ. ಓಡುತ್ತದೆ, ಆದರೆ ಕುಂಟುತ್ತದೆ. ಈಗಿನ ಕಾರುಗಳು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗಲು ಹೊಟ್ಟೆ ನೆಲದ ತೀರಾ ಹತ್ತಿರ ಇರಬೇಕು. ಹೊಟ್ಟೆಯಡಿ ಒಂದು ಹಲಗೆ ಇರುತ್ತದೆ, ದಪ್ಪ 10 ಮಿಲಿಮೀಟರ್. ರೇಸ್ ಮುಗಿದಾಗ ಅದು ಸವೆದು 9 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಅನರ್ಹ. 2023ರಲ್ಲಿ ಆಸ್ಟಿನ್‌ನ ಉಬ್ಬುತಗ್ಗಿನ ಟ್ರ್ಯಾಕಿನಲ್ಲಿ ಹ್ಯಾಮಿಲ್ಟನ್, ಲೆಕ್ಲೇರ್ ಇಬ್ಬರೂ ಹೀಗೇ ಹೊರಬಿದ್ದರು. ಆಸ್ಟಿನ್ನೇ ಹೀಗಾದರೆ, ಫುಕ್ಸ್‌ರೋರೆಯ ಗುಂಡಿಗೆ ಪೂರ್ತಿ ವೇಗದಲ್ಲಿ ಇಳಿದರೆ, ಕಾರುಸೆಲ್ ತಿರುವಿನ ಕಾಂಕ್ರೀಟ್ ಬಾಣಲೆಗೆ ಹೊಕ್ಕರೆ ಆ ಹಲಗೆ ಉಳಿಯುತ್ತದಾ? ಕಾರನ್ನು ಎತ್ತರಿಸಬೇಕು. ಎತ್ತರಿಸಿದರೆ ಹಿಡಿತ ಹೋಗುತ್ತದೆ. 2007ರಲ್ಲಿ ನಿಕ್ ಹೈಡ್‌ಫೆಲ್ಡ್ ಬಿಎಂಡಬ್ಲ್ಯು ಕಾರನ್ನು ಇಲ್ಲಿ ಪ್ರದರ್ಶನಕ್ಕೆ ಓಡಿಸಿದಾಗ ಎತ್ತರಿಸಿದ ಕಾರು, ಗಟ್ಟಿ ಟೈರು, ಸುತ್ತಿಗೆ ಎಂಟೂವರೆ ನಿಮಿಷ. 1975ರಲ್ಲೇ ಲೌಡಾ ಏಳು ನಿಮಿಷದ ಒಳಗೆ ಮುಗಿಸಿದ್ದರು. ಪ್ರದರ್ಶನ ಅಂದರೆ ಅಷ್ಟೇ, ಬಿಡಿ.

ನಿಜವಾದ ವೇಗ ಬೇಕಾದರೆ 2018ರ ವಿಡಿಯೊ ನೋಡಿ. ಯಾವ ರೇಸಿನ ನಿಯಮಕ್ಕೂ ಕಟ್ಟುಬೀಳದೆ ಮಾಡಿದ ಪೋರ್ಷೆ 919 ಇವೋ ಕಾರಿನಲ್ಲಿ ಟಿಮೊ ಬರ್ನ್‌ಹಾರ್ಡ್ 5 ನಿಮಿಷ 19.55 ಸೆಕೆಂಡಿನಲ್ಲಿ ಸುತ್ತು ಹೊಡೆದರು. ಸರಾಸರಿ ಗಂಟೆಗೆ 233 ಕಿಲೋಮೀಟರ್‌ಗೂ ಮೇಲೆ. ಆದರೆ ಟ್ರ್ಯಾಕ್ ಖಾಲಿ, ದಿನ ಅವರೇ ಆರಿಸಿದ್ದು, ಅಕ್ಕಪಕ್ಕ ಯಾರೂ ಇಲ್ಲ.

ಬೆಲ್ಜಿಯಂನ ಸ್ಪಾ ವಾಪಸ್ ಬಂತಲ್ಲ ಅನ್ನುವವರೂ ಇದ್ದಾರೆ. ಬಂತು, ಅರ್ಧವಾಗಿ ಬಂತು. 14 ಕಿಲೋಮೀಟರಿನ ಹಳೇ ಸ್ಪಾದಲ್ಲಿ ಫಾರ್ಮುಲಾ ವನ್ 1970ಕ್ಕೆ ನಿಂತಿತು. 1983ರಲ್ಲಿ ವಾಪಸ್ ಬಂದಿದ್ದು 7 ಕಿಲೋಮೀಟರಿನ ಟ್ರ್ಯಾಕಿಗೆ. ಹಳ್ಳಿಗಳ ನಡುವೆ ಹೋಗುತ್ತಿದ್ದ ಮಾಸ್ಟಾ ಭಾಗವನ್ನೇ ಕೈಬಿಟ್ಟಿದ್ದರು. ಅಷ್ಟಾದರೂ 2019ರಲ್ಲಿ ಅಲ್ಲಿ ಫಾರ್ಮುಲಾ 2 ಡ್ರೈವರ್ ಆಂಟ್ವಾನ್ ಯೂಬೇರ್ ಅನ್ನುವ ಹುಡುಗ ಸತ್ತ. ನಾರ್ಡ್‌ಶ್ಲೈಫೆಗೆ ಇದೇ ಚಿಕಿತ್ಸೆ ಮಾಡಿದರೆ, ಅಂದರೆ ಕಾಡು ಕಡಿದು, ರಸ್ತೆ ಅಗಲ ಮಾಡಿ, ತಗ್ಗು ತುಂಬಿದರೆ, ನಮಗೆ ಸಿಗೋದು ಇನ್ನೊಂದು ಮಾಮೂಲಿ ಟ್ರ್ಯಾಕ್. ಅದು ಪಕ್ಕದಲ್ಲೇ 1984ರಿಂದ ಇದೆ. ಅಷ್ಟು ಖರ್ಚು ಹೊರುವವರೂ ಇಲ್ಲ. ಈ ಜಾಗ 2012ರಲ್ಲಿ ದಿವಾಳಿಯಾಗಿ, 2014ರಲ್ಲಿ ಮಾರಾಟವಾದದ್ದು.

ರೇಸ್ ಆಗಿಯೇಬಿಟ್ಟರೂ ನೋಡುವವರಿಗೆ ಏನು ಸಿಗುತ್ತದೆ ಹೇಳಿ. 305 ಕಿಲೋಮೀಟರಿಗೆ ಹದಿನೈದು ಸುತ್ತು. ಟಿಕೆಟ್ ತಗೊಂಡು ಒಂದು ತಿರುವಿನಲ್ಲಿ ಕೂತವನಿಗೆ ಕಾರುಗಳು ಹದಿನೈದು ಸಲ ಕಾಣುತ್ತವೆ. ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರು ಹೊರಬಂದರೆ ಒಂದು ಸುತ್ತಿಗೇ ಎಷ್ಟೋ ಹೊತ್ತು ಕಾಯಬೇಕು.

ಆ ಜಾಗದ ಸೆಳೆತ ಇದ್ದರೆ 24 ಗಂಟೆ ರೇಸಿಗೆ ಹೋಗಿ, ಬ್ರುನ್‌ಶೆನ್ ಅಥವಾ ಫ್ಲಾನ್ಸ್‌ಗಾರ್ಟನ್ ಹತ್ತಿರ ಜಾಗ ಹಿಡಿಯಿರಿ. ಮಳೆ ಕೋಟು ಮರೆಯಬೇಡಿ. ರೇಸ್ ಇಲ್ಲದ ದಿನಗಳಲ್ಲಿ ದುಡ್ಡು ಕಟ್ಟಿ ನಮ್ಮ ಕಾರನ್ನೇ ಓಡಿಸಬಹುದು. ಆದರೆ ಬಾಡಿಗೆ ಕಾರಿನ ಕರಾರು ಮೊದಲು ಓದಿ, ಹೆಚ್ಚಿನವರು ಇಲ್ಲಿಗೆ ತರಬಾರದು ಅಂತಲೇ ಬರೆದಿರುತ್ತಾರೆ. ತಡೆಗೋಡೆ ಕೆಡಿಸಿದರೆ ಅದರ ಬಿಲ್ಲೂ ನಿಮ್ಮ ಮೇಲೇ.