ಹಾಡು ಗೊತ್ತಿಲ್ಲದವರು ಬ್ಯಾಂಡ್ ಟಿ-ಶರ್ಟ್ ತೊಡಬಾರದೇ?

ಓದುಗರ ಪತ್ರ, ಸಂಕ್ಷಿಪ್ತವಾಗಿ: “ಕಳೆದ ಸಂಚಿಕೆಯ ಚಿತ್ರಗಳಲ್ಲಿ ರಮೋನ್ಸ್, ಜಾಯ್ ಡಿವಿಜನ್ ಟಿ-ಶರ್ಟ್ ತೊಟ್ಟ ಎಳೆಯರಿದ್ದಾರೆ. ಅವರಲ್ಲಿ ಎಷ್ಟು ಜನ ಆ ಬ್ಯಾಂಡಿನ ಮೂರು ಹಾಡು ಹೆಸರಿಸಬಲ್ಲರು? ಅಭಿಮಾನವಿಲ್ಲದೆ ಆ ಅಂಗಿ ತೊಡುವುದು ಸಂಗೀತಕ್ಕೆ ಮಾಡುವ ಅವಮಾನ. ಇನ್ನೊಂದು ವಿಷಯ: 1992 ಎಂದು ಅಚ್ಚಾಗಿರುವ ನಿರ್ವಾಣ ಟಿ-ಶರ್ಟನ್ನು ಅಸಲಿ ಹಳೆಯದೆಂದು ನಂಬಿ ಕೊಂಡಿದ್ದೇನೆ. ಅದು ನಿಜವೇ ಎಂದು ತಿಳಿಯುವುದು ಹೇಗೆ? ಮತ್ತೊಂದು ಹೊಸ ಟಿ-ಶರ್ಟಿನ ಪ್ರಿಂಟ್ ಕೆಲವೇ ಒಗೆತಕ್ಕೆ ಬಿರುಕು ಬಿಟ್ಟಿದೆ. ಕಾರಣವೇನು?”

ಪ್ರಿಯ ಓದುಗರೇ,

ನಿಮ್ಮ ಬೇಸರದ ಹಿಂದೆ ಇರುವುದು ಸಂಗೀತದ ಮೇಲಿನ ಪ್ರೀತಿ ಎಂಬುದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೂ ಆ ಮೂರು ಹಾಡಿನ ಪರೀಕ್ಷೆಯನ್ನು ನಾವು ಒಪ್ಪುವುದಿಲ್ಲ. ಏಕೆಂದು ಹೇಳಲು ನೀವೇ ಹೆಸರಿಸಿದ ಎರಡು ಅಂಗಿಗಳು ಸಾಕು.

ರಮೋನ್ಸ್ ಲಾಂಛನ ಬಿಡಿಸಿದವರು ಆರ್ಟುರೊ ವೇಗಾ. ಅಮೆರಿಕದ ಅಧ್ಯಕ್ಷರ ಮುದ್ರೆಯಲ್ಲಿರುವ ಹದ್ದನ್ನೇ ತೆಗೆದುಕೊಂಡು, ಒಂದು ಕಾಲಿನಲ್ಲಿದ್ದ ಆಲಿವ್ ರೆಂಬೆಯ ಜಾಗಕ್ಕೆ ಸೇಬಿನ ರೆಂಬೆ, ಇನ್ನೊಂದರಲ್ಲಿದ್ದ ಬಾಣಗಳ ಜಾಗಕ್ಕೆ ಬೇಸ್‌ಬಾಲ್ ಬ್ಯಾಟ್ ಕೊಟ್ಟರು. ಸುತ್ತಲೂ ಸದಸ್ಯರ ಹೆಸರು. ಬ್ಯಾಂಡಿನಲ್ಲಿ ಆಳು ಬದಲಾದಾಗ ಲಾಂಛನದ ಹೆಸರೂ ಬದಲಾಗುತ್ತಿತ್ತು. ಬ್ಯಾಂಡಿನ ಬೆಳಕಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವೇಗಾ ಅವರೇ ಕಾರ್ಯಕ್ರಮಗಳಲ್ಲಿ ಟಿ-ಶರ್ಟನ್ನೂ ಮಾರುತ್ತಿದ್ದರು. ರಮೋನ್ಸ್ ರೆಕಾರ್ಡುಗಳು ಅವರ ಹೆಸರಿಗೆ ತಕ್ಕಷ್ಟು ಎಂದೂ ಮಾರಾಟವಾಗಲಿಲ್ಲ. ವರ್ಷಗಟ್ಟಲೆ ಊರೂರು ಸುತ್ತಿದ ಆ ಬ್ಯಾಂಡಿನ ಕೈಹಿಡಿದದ್ದರಲ್ಲಿ ಟಿ-ಶರ್ಟಿನ ಪಾಲು ದೊಡ್ಡದು. 1996ರಲ್ಲಿ ಅವರು ಕೊನೆಯ ಬಾರಿ ವೇದಿಕೆ ಹತ್ತಿದರು. 2014ರ ಹೊತ್ತಿಗೆ ಮೂಲ ಸದಸ್ಯರು ನಾಲ್ವರೂ ತೀರಿಕೊಂಡಿದ್ದರು. ಹದ್ದು ಮಾತ್ರ ಇಂದಿಗೂ ಹೊಸ ಹೊಸ ಕಿವಿಗಳನ್ನು ಆ ಬ್ಯಾಂಡಿನತ್ತ ಕರೆತರುತ್ತಿದೆ. ಮೊದಲು ಅಂಗಿ, ಆಮೇಲೆ ಹಾಡು ಎಂಬ ದಾರಿಯಲ್ಲಿ ಬಂದವರು ಕಡಿಮೆ ಅಭಿಮಾನಿಗಳೇನಲ್ಲ.

ಜಾಯ್ ಡಿವಿಜನ್ ಅಂಗಿಯ ಕಥೆ ಇನ್ನೂ ದೂರ ಹೋಗುತ್ತದೆ. ಕಪ್ಪಿನ ಮೇಲೆ ಬೆಟ್ಟಸಾಲಿನಂತೆ ಏರಿಳಿಯುವ ಆ ಬಿಳಿ ಗೆರೆಗಳು ಬ್ಯಾಂಡಿನವರು ಬರೆದದ್ದಲ್ಲ. 1967ರಲ್ಲಿ ಜಾಸಲಿನ್ ಬೆಲ್ ಬರ್ನೆಲ್ ಗುರುತಿಸಿದ ಮೊದಲ ಪಲ್ಸಾರ್, ಅಂದರೆ ಗಿರ್ರನೆ ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ, ಸಿಪಿ 1919. ಸುಮಾರು 1.34 ಸೆಕೆಂಡಿಗೊಮ್ಮೆ ಅದರಿಂದ ಬರುವ ಒಂದೊಂದು ಮಿಡಿತವೂ ಒಂದೊಂದು ಗೆರೆ. ಅರೆಸಿಬೊ ದೂರದರ್ಶಕದ ದತ್ತಾಂಶದಿಂದ ಹೆರಾಲ್ಡ್ ಕ್ರಾಫ್ಟ್ ಆ ನಕ್ಷೆ ತೆಗೆದು, 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಸೇರಿಸಿದ್ದರು. ಅದು ಮುಂದೆ ಖಗೋಳ ವಿಶ್ವಕೋಶವೊಂದರಲ್ಲಿ ಅಚ್ಚಾಯಿತು. ಅಲ್ಲಿಂದ ಅದು ಬ್ಯಾಂಡಿನ ಕಣ್ಣಿಗೆ ಬಿತ್ತು. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಬಿಳಿಯ ಮೇಲಿನ ಕಪ್ಪನ್ನು ತಿರುವಿಹಾಕಿ ಕಪ್ಪಿನ ಮೇಲೆ ಬಿಳಿ ಮಾಡಿ 1979ರ ಆಲ್ಬಂ ಹೊದಿಕೆಗೆ ಬಳಸಿದರು. ಆ ಹೊದಿಕೆಯ ಮುಂಬದಿಯಲ್ಲಿ ಬ್ಯಾಂಡಿನ ಹೆಸರೇ ಇರಲಿಲ್ಲ. ತನ್ನ ಹೆಸರು ಹೇಳಿಕೊಳ್ಳಲು ಒಲ್ಲದ ಚಿತ್ರವನ್ನು ತೊಟ್ಟವರಿಂದ ಹಾಡುಗಳ ಪಟ್ಟಿ ಕೇಳುವುದು ಸರಿಯೇ? ತೊಟ್ಟವಳು ಖಗೋಳಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದರೆ ಆ ಗೆರೆಗಳ ಬಗ್ಗೆ ನಮಗಿಂತ ಹೆಚ್ಚು ತಿಳಿದಿದ್ದಾಳು.

‘ತೊಟ್ಟವಳು’ ಎಂದು ಬೇಕೆಂದೇ ಬರೆದಿದ್ದೇವೆ. ಈ ಪರೀಕ್ಷೆಗೆ ಒಳಗಾಗುವವರು ಬಹುಪಾಲು ಹೆಣ್ಣುಮಕ್ಕಳೇ. ಗಂಡುಹುಡುಗ ಮೆಟಲ್ ಬ್ಯಾಂಡಿನ ಅಂಗಿ ತೊಟ್ಟರೆ ಅಭಿಮಾನಿಯೆಂದು ನಂಬುತ್ತೇವೆ, ಹುಡುಗಿ ತೊಟ್ಟರೆ ಸಾಕ್ಷಿ ಕೇಳುತ್ತೇವೆ. ಇದನ್ನು ಬಿಡಲೇಬೇಕು.

ಹಾಗೆಂದು ಎಲ್ಲ ಅಂಗಿಯೂ ಒಂದೇ ಎನ್ನುತ್ತಿಲ್ಲ. ಬೆನ್ನ ಮೇಲೆ ಊರು ಮತ್ತು ತಾರೀಖುಗಳ ಸಾಲಿರುವ ಟೂರ್ ಟಿ-ಶರ್ಟ್ ‘ನಾನು ಅಲ್ಲಿದ್ದೆ’ ಎನ್ನುತ್ತದೆ. ಅದಕ್ಕೊಂದು ಬೇರೆಯೇ ತೂಕವಿದೆ. ಬೇರುಗಳಂತೆ ಹೆಣೆದುಕೊಂಡ ಬ್ಲ್ಯಾಕ್ ಮೆಟಲ್ ಲೋಗೊಗಳನ್ನು ಹೊರಗಿನವರು ಓದಲಾರರು, ಓದಬಲ್ಲವರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಅಂಗಿ ಶಿಫಾರಸು ಪತ್ರವೂ ಆಗಬಲ್ಲದು. 1992ರ ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ನಿರ್ವಾಣದ ಗಾಯಕ ಕರ್ಟ್ ಕೊಬೇನ್ ತೊಟ್ಟುಬಂದದ್ದು ಡೇನಿಯಲ್ ಜಾನ್‌ಸ್ಟನ್ ಬಿಡಿಸಿದ ಕಪ್ಪೆಯಂಥ ಜೀವಿಯ ಚಿತ್ರವಿದ್ದ ಟಿ-ಶರ್ಟ್. ಮನೆಯಲ್ಲೇ ಕ್ಯಾಸೆಟ್ ಮಾಡಿ ಹಂಚುತ್ತಿದ್ದ ಆ ಗಾಯಕನನ್ನು ಅಲ್ಲಿಯವರೆಗೆ ಕೆಲವೇ ಜನ ಬಲ್ಲವರಾಗಿದ್ದರು. ದ್ವೇಷಕ್ಕೂ ಅಂಗಿ ಒದಗಿದೆ: ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಗಾಯಕ ಜಾನಿ ರಾಟನ್ ಪಿಂಕ್ ಫ್ಲಾಯ್ಡ್ ಟಿ-ಶರ್ಟಿನ ಮೇಲೆ ‘ನಾನು ದ್ವೇಷಿಸುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಸೇರಿಸಿ ತೊಟ್ಟದ್ದು ಪಂಕ್ ಚರಿತ್ರೆಯ ಭಾಗ.

ನಿಮ್ಮ ಸಿಟ್ಟನ್ನು ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯ ಕಡೆ ತಿರುಗಿಸಿ ಎಂದು ಕೇಳುತ್ತೇವೆ. ಬೀಟಲ್ಸ್ ಸರಕು ಅಮೆರಿಕದಲ್ಲಿ ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದಾಗ, ಅವರ ಕಡೆಯವರು ಸೆಲ್ಟೇಬ್ ಎಂಬ ಕಂಪನಿಯೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ರಾಯಲ್ಟಿಯ ಶೇ 90 ಕಂಪನಿಗೆ, ಬರೀ ಶೇ 10 ಬ್ಯಾಂಡಿನ ಪಾಲಿಗೆ. ಈಚಿನವರೆಗೂ ಅನೇಕ ಸಭಾಂಗಣಗಳು ತಮ್ಮ ಆವರಣದಲ್ಲಿ ಮಾರಿದ ಪ್ರತಿ ಟಿ-ಶರ್ಟಿನ ಮೇಲೆ ಕಮಿಷನ್ ಕಿತ್ತುಕೊಳ್ಳುತ್ತಿದ್ದವು, ಈಗಲೂ ಎಷ್ಟೋ ಕಡೆ ಅದು ನಿಂತಿಲ್ಲ. ಶೇ 20–25 ಸಾಮಾನ್ಯ ದರ. ಲೆಕ್ಕ ಬರೀ ಲಾಭದ ಮೇಲಲ್ಲ, ಮಾರಿದ ಬೆಲೆಯ ಮೇಲೆ. ಬಟ್ಟೆ, ಅಚ್ಚು, ಸಾಗಣೆಯ ಖರ್ಚೆಲ್ಲ ಉಳಿದ ಭಾಗದಲ್ಲೇ ಮುಗಿಯಬೇಕು. ಬ್ರಿಟನ್ನಿನಲ್ಲಿ ಕಲಾವಿದರ ಒಕ್ಕೂಟವೊಂದು 2022ರಲ್ಲಿ ಕಮಿಷನ್ ಕೇಳದ ಸಭಾಂಗಣಗಳ ಪಟ್ಟಿ ತೆರೆಯಿತು; 2023ರಲ್ಲಿ ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುವ ದೊಡ್ಡ ಕಂಪನಿ ಲೈವ್ ನೇಷನ್ ತನ್ನ ಸಣ್ಣ ಕ್ಲಬ್ಬುಗಳಲ್ಲಿ ಇದನ್ನು ಕೈಬಿಡುವುದಾಗಿ ಹೇಳಿತು. ಕಮಿಷನ್ ಕಳೆದರೂ ಕಾರ್ಯಕ್ರಮದ ಮೇಜಿನ ಬಳಿ ಅಥವಾ ಬ್ಯಾಂಡಿನ ಸ್ವಂತ ಜಾಲತಾಣದಲ್ಲಿ ಕೊಂಡರೆ ಅವರ ಕೈಗೆ ಹೆಚ್ಚು ಸೇರುತ್ತದೆ. ದೊಡ್ಡ ಬಟ್ಟೆ ಅಂಗಡಿಯ ಲೈಸೆನ್ಸ್ ಅಂಗಿಯಿಂದ ಹೋಗುವುದು ಸಣ್ಣ ರಾಯಲ್ಟಿ. ನಕಲಿಯಿಂದ ಬಿಡಿಕಾಸೂ ಇಲ್ಲ.

ಈಗ ನಿಮ್ಮ ನಿರ್ವಾಣ ಟಿ-ಶರ್ಟ್. ಅದರ ಮೇಲಿನ 1992 ಕಾಪಿರೈಟ್ ವರ್ಷ. ಅಂಗಿ ಅಚ್ಚಾದ ವರ್ಷವೆಂದು ಅದು ಹೇಳುವುದೇ ಇಲ್ಲ. ಮೊನ್ನೆ ಅಚ್ಚಾದ ಲೈಸೆನ್ಸ್ ಅಂಗಿಯ ಮೇಲೂ ಅದೇ ವರ್ಷ ಇರಬಹುದು. ಪ್ರಿಂಟ್ ಬಿಟ್ಟು ಅಂಗಿಯನ್ನೇ ಓದಬೇಕು.

ಕೊರಳಿನ ಲೇಬಲ್‌ನಿಂದ ಶುರು ಮಾಡಿ. ಅಮೆರಿಕದ ಅಂಗಿಯಾದರೆ, ಒಗೆಯುವ ಸೂಚನೆ ಪದಗಳಲ್ಲಿದೆಯೋ ಬರೀ ಚಿಹ್ನೆಗಳಲ್ಲಿದೆಯೋ ನೋಡಿ. ಪದಗಳಿಲ್ಲದೆ ಚಿಹ್ನೆ ಮಾತ್ರ ಬಳಸಲು ಅಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ. ನೀರಿನ ತೊಟ್ಟಿ, ತ್ರಿಕೋನ, ಇಸ್ತ್ರಿಪೆಟ್ಟಿಗೆ ಚಿಹ್ನೆಗಳಷ್ಟೇ ಇದ್ದರೆ ಅದು 1992ರದ್ದಲ್ಲ. ಲೇಬಲ್ ಬದಲು ಕೊರಳ ಒಳಗೆ ನೇರ ಅಚ್ಚಿದ್ದರೂ ಹಾಗೇ. ಅದು ವ್ಯಾಪಕವಾದದ್ದು 2002ರ ನಂತರ. ಲೇಬಲ್ ಸರಿಯಿದ್ದರೂ ಅದನ್ನು ಹಿಡಿದ ಹೊಲಿಗೆ ನೋಡಿ: ಕಾರ್ಖಾನೆಯಲ್ಲಿ ಕೊರಳಪಟ್ಟಿಯ ಹೊಲಿಗೆಯೇ ಲೇಬಲ್ಲನ್ನೂ ಹಿಡಿದಿರುತ್ತದೆ. ಲೇಬಲ್ಲಿಗಷ್ಟೇ ಬೇರೆ ದಾರ, ಪಕ್ಕದಲ್ಲಿ ಹಳೆಯ ಸೂಜಿತೂತು ಕಂಡರೆ ಬೇರೊಂದು ಅಂಗಿಯಿಂದ ಬಿಚ್ಚಿ ಹಚ್ಚಿದ್ದಾರೆ ಎಂದರ್ಥ.

ಆಮೇಲೆ ತೋಳಿನ ಅಂಚು ಮತ್ತು ಕೆಳ ಅಂಚು. ಹೊರಗಡೆ ಒಂದೇ ಸಾಲು ಹೊಲಿಗೆಯಿದ್ದರೆ ಸಿಂಗಲ್ ಸ್ಟಿಚ್. ಅಮೆರಿಕದ ಟಿ-ಶರ್ಟುಗಳಲ್ಲಿ 1990ರ ದಶಕದ ನಡುಭಾಗದವರೆಗೆ ಹೆಚ್ಚಾಗಿ ಇದೇ ಇತ್ತು, ಬಳಿಕ ಜೋಡಿ ಸಾಲು ಬಂತು. ಮಾರುವವರು ಇದನ್ನೇ ಅಂತಿಮ ಪುರಾವೆ ಎನ್ನುತ್ತಾರೆ. ನಂಬಬೇಡಿ. ಸಿಂಗಲ್ ಸ್ಟಿಚ್ ಅಂಗಿಯನ್ನು ಇವತ್ತೂ ಹೊಲಿಯುತ್ತಾರೆ.

ಹೆಚ್ಚು ನಂಬಬಹುದಾದದ್ದು ಸವೆತ. ಕೆಳ ಅಂಚಿನ ಮಡಿಕೆಯನ್ನು ಒಳಗಿನಿಂದ ಸ್ವಲ್ಪ ಬಿಡಿಸಿ ನೋಡಿ. ಹತ್ತಾರು ವರ್ಷ ಉಟ್ಟು ಒಗೆದ ಅಂಗಿಯಲ್ಲಿ ಹೊರಮೈ ಬಣ್ಣ ಕಳೆದು ಬೂದಿಯಾಗಿ, ಬೆಳಕು ಕಾಣದ ಮಡಿಕೆಯೊಳಗೆ ಮೂಲ ಕಪ್ಪು ಉಳಿದಿರುತ್ತದೆ. ಕೊರಳಂಚಿನ ಏಣು ಎಲ್ಲಕ್ಕಿಂತ ಬೆಳ್ಳಗಾಗಿರುತ್ತದೆ. ಕಾರ್ಖಾನೆಯಲ್ಲಿ ರಾಸಾಯನಿಕದಿಂದ ಹಳತು ಮಾಡಿದ್ದರಲ್ಲಿ ಮಂಕು ಎಲ್ಲೆಡೆ ಒಂದೇ ಸಮ. ಇನ್ನು ಪ್ರಿಂಟಿನ ಬಿರುಕು. ಎರಡು ಹೆಬ್ಬೆರಳಿನಿಂದ ಪ್ರಿಂಟನ್ನು ಮೆಲ್ಲಗೆ ಅಗಲಿಸಿ. ನಿಜವಾದ ಬಿರುಕು ಬಾಯಿಬಿಟ್ಟು ಒಳಗೆ ಬಟ್ಟೆಯ ಎಳೆ ಕಾಣುತ್ತದೆ, ಬಿರುಕಿನ ಅಂಚು ಒರಟು. ಕಂಪ್ಯೂಟರಿನಲ್ಲಿ ಬಿಡಿಸಿದ ಬಿರುಕಾದರೆ ಇಂಕು ರಬ್ಬರಿನಂತೆ ಒಟ್ಟಾಗಿ ಹಿಗ್ಗುತ್ತದೆ, ಗೆರೆ ಗೆರೆಯಾಗಿಯೇ ಇರುತ್ತದೆ. ಮಾರುವವರ ಬಳಿ ಅದೇ ಅಂಗಿ ಇನ್ನೊಂದಿದ್ದು ಎರಡರಲ್ಲೂ ಬಿರುಕು ಒಂದೇ ಕಡೆ ಇದ್ದರೆ ಮತ್ತೆ ಯೋಚಿಸುವ ಅಗತ್ಯವಿಲ್ಲ.

ಒಂದು ಎಚ್ಚರಿಕೆ: ಬಟ್ಟೆಯನ್ನು ಜೋರಾಗಿ ಎಳೆಯಬೇಡಿ. ಹಳೆಯ ಕಪ್ಪು ಟಿ-ಶರ್ಟುಗಳಲ್ಲಿ ಎಷ್ಟೋ ಗಂಧಕದ ಬಣ್ಣ ಹಾಕಿದವು. ತೇವ, ಸೆಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಬಣ್ಣದ ಗಂಧಕ ನಿಧಾನವಾಗಿ ಆಮ್ಲವಾಗಿ ಹತ್ತಿಯ ನಾರನ್ನೇ ತಿನ್ನುತ್ತದೆ. ನೋಡಲು ಗಟ್ಟಿಯಾಗಿದ್ದ ಅಂಗಿ ಕಾಗದದಂತೆ ಪರ್ರೆಂದು ಹರಿಯುತ್ತದೆ. ಹಳೆಯದನ್ನು ಕೊಳ್ಳುವ ಮುನ್ನ ಕೆಳ ಅಂಚಿನ ಬಳಿ ಬೆರಳಗಲ ಜಾಗದಲ್ಲಿ ಹಗುರವಾಗಿ ಎಳೆದು ನೋಡಿ. ಚಿಟಪಟ ಸದ್ದು ಬಂದರೆ ಅದು ತೊಡುವ ಅಂಗಿಯಲ್ಲ, ಚೌಕಟ್ಟು ಹಾಕಿ ಗೋಡೆಗೇರಿಸುವ ಅಂಗಿ.

ನಿಮ್ಮ ಹೊಸ ಅಂಗಿಯ ಬಿರುಕಿಗೆ ಕಾರಣ ಬೇರೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹೆಚ್ಚಾಗಿ ಬಳಸುವುದು ಪ್ಲಾಸ್ಟಿಸಾಲ್ ಇಂಕು: ಪಿವಿಸಿ ಕಣಗಳು ಮತ್ತು ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ. ಇದು ಗಾಳಿಗೆ ಒಣಗುವ ಇಂಕಲ್ಲ. ಮಾಮೂಲಿ ಇಂಕಾದರೆ ಮೇಲಿನಿಂದ ತಳದವರೆಗೆ ಇಡೀ ಪದರ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೇ ಕಣಗಳು ಬೆಸೆದು ಒಂದೇ ಹಾಳೆಯಾಗುತ್ತವೆ. ಕಪ್ಪು ಬಟ್ಟೆಗೆ ಮೊದಲು ಬಿಳಿ ತಳಪದರ ಹೊಡೆದು, ಅರೆಬಿಸಿ ಮಾಡಿ, ಅದರ ಮೇಲೆ ಬಣ್ಣ ಹೊಡೆಯುತ್ತಾರೆ. ಪದರ ದಪ್ಪವಾಗುವುದರಿಂದ ಮೇಲ್ಮೈ ಬಿಸಿಯಾದರೂ ತಳ ಹಸಿಯಾಗಿ ಉಳಿಯುತ್ತದೆ. ಬೇಗ ಮುಗಿಸುವ ಆತುರದಲ್ಲಿ ಡ್ರೈಯರ್ ಬೆಲ್ಟಿನ ವೇಗ ಹೆಚ್ಚಿಸಿದರೆ ಆಗುವುದು ಇದೇ. ಕೈಗೆ ಒಣಗಿದಂತೆ ಕಾಣುವ ಪ್ರಿಂಟ್ ಒಗೆತದಲ್ಲಿ ಒಡೆಯುತ್ತದೆ, ಕೆಲವೊಮ್ಮೆ ಚಕ್ಕೆಯಾಗಿ ಉದುರುತ್ತದೆ. ಪ್ರಿಂಟ್ ಚೂರುಚೂರಾಗಿ ಏಳದೆ ಅಂಚಿನಿಂದ ಹಾಳೆಯಂತೆ ಸುಲಿದು ಬರುತ್ತಿದ್ದರೆ ಅದು ಸ್ಕ್ರೀನ್ ಪ್ರಿಂಟೇ ಆಗಿರಲಿಕ್ಕಿಲ್ಲ. ಫಿಲ್ಮಿನಿಂದ ಶಾಖದಲ್ಲಿ ಅಂಟಿಸಿದ ಪ್ರಿಂಟ್, ಒತ್ತಡ ಅಥವಾ ಶಾಖ ಸಾಲದೆ ಹಿಡಿದಿಲ್ಲ.

ಚಕ್ಕೆ ಉದುರಲು ಶುರುವಾಗಿಲ್ಲದಿದ್ದರೆ ನಿಮ್ಮ ಅಂಗಿಯನ್ನು ಉಳಿಸಲು ಒಂದು ದಾರಿಯಿದೆ. ಹೀಟ್ ಪ್ರೆಸ್, ಅಂದರೆ ಬಟ್ಟೆಯನ್ನು ಸಮನಾದ ಶಾಖದಲ್ಲಿ ಒತ್ತುವ ಯಂತ್ರ, ಇರುವವರ ಬಳಿ ಒಯ್ಯಿರಿ. ಪ್ರಿಂಟಿನ ಮೇಲೆ ಸಿಲಿಕೋನ್ ಲೇಪಿತ ಕಾಗದವಿಟ್ಟು, 160 ಡಿಗ್ರಿಯಲ್ಲಿ, ಹಗುರ ಒತ್ತಡದಲ್ಲಿ 10–15 ಸೆಕೆಂಡು ಒತ್ತಿಸಿ. ಆಗಲೇ ಬಿದ್ದ ಬಿರುಕು ಮಾಯವಾಗದು, ಆದರೆ ಹಸಿಯಾಗಿ ಉಳಿದದ್ದು ಬೆಸೆದುಕೊಂಡು ಮುಂದಿನ ಒಡಕು ನಿಲ್ಲುತ್ತದೆ. ಬಟ್ಟೆ ಪೂರ್ತಿ ಹತ್ತಿಯಾಗಿದ್ದರೆ ಮಾತ್ರ ಹೀಗೆ ಮಾಡಿ. ಪಾಲಿಯೆಸ್ಟರ್ ಇದ್ದರೆ ಆ ಶಾಖಕ್ಕೆ ಬಟ್ಟೆಯ ಬಣ್ಣವೇ ಆವಿಯಾಗಿ ಇಂಕಿಗೆ ಏರುತ್ತದೆ. ಕೆಂಪು ಅಂಗಿಯ ಬಿಳಿ ಅಕ್ಷರ ಗುಲಾಬಿಯಾಗುವುದು ಹೀಗೆಯೇ. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಪ್ರಯತ್ನಿಸಬೇಡಿ. ಅದರ ಶಾಖ ಎಲ್ಲೆಡೆ ಸಮನಾಗಿರುವುದಿಲ್ಲ, ನೇರ ತಾಗಿದರೆ ಇಂಕು ಕರಗಿ ತಳಕ್ಕೆ ಅಂಟುತ್ತದೆ.

ಮುಂದಕ್ಕೆ, ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ಡ್ರೈ ಕ್ಲೀನಿಂಗ್ ಬೇಡವೇ ಬೇಡ; ಅದರ ದ್ರಾವಕ ಪ್ಲಾಸ್ಟಿಸಾಲನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ದೊಡ್ಡ ಪ್ರಿಂಟಿನ ಅಂಗಿಯನ್ನು ಹ್ಯಾಂಗರಿಗೆ ತೂಗಿದರೆ ಭಾರಕ್ಕೆ ಭುಜ ಜೋಲುತ್ತದೆ, ಹಾಗಾಗಿ ಮಡಚಿಡಿ. ಮಡಚುವಾಗ ಪ್ರಿಂಟ್ ಪ್ರಿಂಟಿಗೆ ತಾಗದಿರಲಿ, ಬೇಸಿಗೆಯಲ್ಲಿ ಒಂದಕ್ಕೊಂದು ಹತ್ತಿಕೊಂಡು ಬಿಡಿಸುವಾಗ ಕಿತ್ತುಬರುತ್ತವೆ. ನಡುವೆ ಆಮ್ಲರಹಿತ ತೆಳು ಕಾಗದ ಇಡಿ. ಪ್ಲಾಸ್ಟಿಕ್ ಹಾಳೆ ಬೇಡ, ಇಂಕಿನಲ್ಲಿರುವ ಮೆದುಕಾರಕ ಅದಕ್ಕೆ ಜಾರಿ ಎರಡೂ ಅಂಟಿಕೊಳ್ಳುತ್ತವೆ. ನಿರ್ವಾಣ ಅಂಗಿಯ ಬಗ್ಗೆ ಇಷ್ಟು ನೋಡಿದ ಮೇಲೂ ಅನುಮಾನ ಉಳಿದರೆ ಮೂರು ಚಿತ್ರ ಕಳುಹಿಸಿ: ಲೇಬಲ್ಲಿನ ಎರಡೂ ಬದಿ, ತೋಳಿನ ಅಂಚಿನ ಒಳಭಾಗ, ಮತ್ತು ಹೆಬ್ಬೆರಳಿನಲ್ಲಿ ಅಗಲಿಸಿದ ಪ್ರಿಂಟ್. ಎದೆಯ ಪೂರ್ಣ ಚಿತ್ರ ಬೇಕಿಲ್ಲ.

— ಸಂ.